ಮನೆಯಲ್ಲಿ ಹೇಳದ ಎಂಟು ಸೆಂಟ್ಸ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 33 ವರ್ಷ. ಮನೆ ಕಾಸರಗೋಡಿನ ಕುಂಬಳೆ ಕಡೆ, ಕೆಲಸ ಮಂಗಳೂರಿನಲ್ಲಿ. ಬೆಳಗ್ಗೆ ರೈಲು ಹತ್ತಿದರೆ ಮನೆಗೆ ಬರುವುದು ರಾತ್ರಿಯೇ. ನಿದ್ದೆ ಬರುವುದಿಲ್ಲ ಎಂದು ನನ್ನ ಹತ್ತಿರ ಕೌನ್ಸೆಲಿಂಗಿಗೆ ಬಂದಿದ್ದರು. ಅರ್ಧ ಗಂಟೆ ಆಫೀಸಿನದ್ದೇ ಮಾತು. ಎದ್ದು ಚಪ್ಪಲಿ ಹಾಕುವಾಗ, "ಮೇಡಂ, ಒಂದು ಜಾಗಕ್ಕೆ ಎರಡು ಲಕ್ಷ ಅಡ್ವಾನ್ಸ್ ಕೊಟ್ಟಿದ್ದೇನೆ. ಮನೆಯಲ್ಲಿ ಗೊತ್ತಿಲ್ಲ" ಎಂದರು. ನನ್ನಲ್ಲಿ ಇಂಥ ಮಾತು ಹೆಚ್ಚಾಗಿ ಹೊರಬೀಳುವುದು ಚಪ್ಪಲಿ ಹಾಕುವಾಗಲೇ. ಮತ್ತೆ ಕೂರಿಸಿದೆ.

ಗಲ್ಫ್‌ನಿಂದ ಬಂದ ಭಾವ ಕ್ವಾರ್ಟರ್ಸ್ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರಂತೆ. ಮದುವೆ ಊಟದ ಪಂಕ್ತಿಯಲ್ಲಿ "ಸಂಬಳ ನಂಬಿ ಕೂತರೆ ಆಗ್ಲಿಕ್ಕುಂಟಾ?" ಎಂದು ಕೇಳಿದ್ದು ಇವರಿಗೆ ನಾಟಿತ್ತು. ಹೈವೇ ಆರು ಲೇನ್ ಆಗ್ತಿದೆ, ರೇಟು ಡಬಲ್ ಆಗ್ತದೆ ಎಂದು ಬ್ರೋಕರ್ ಹೇಳಿದ. ಎಂಟು ಸೆಂಟ್ಸ್, 20 ಲಕ್ಷ.

ಲೆಕ್ಕ ಬರೆಯಲು ಹೇಳಿದೆ. ಬ್ಯಾಂಕ್ 15 ಲಕ್ಷ ಕೊಡುತ್ತದೆ ಎಂದುಕೊಂಡರೂ ಕೈಯಿಂದ ಐದು ಬೇಕು. ಕೇರಳದಲ್ಲಿ ಸ್ಟಾಂಪ್ ಡ್ಯೂಟಿ ಶೇ. 8, ರಿಜಿಸ್ಟ್ರೇಷನ್ ಶೇ. 2. ಅದು ಇನ್ನೆರಡು ಲಕ್ಷ. ಶೇ. 9 ಬಡ್ಡಿಗೆ 15 ವರ್ಷದ ಸಾಲವಾದರೆ ಕಂತು ತಿಂಗಳಿಗೆ 15,000 ದಾಟುತ್ತದೆ. ಖಾಲಿ ಜಾಗಕ್ಕೆ ಬಾಡಿಗೆಯೂ ಬರುವುದಿಲ್ಲ. ಅಡ್ವಾನ್ಸೂ ಸೇರಿ ಅವರ ಉಳಿತಾಯ ಇದ್ದದ್ದು ಐದು ಲಕ್ಷ. "ಉಳಿದ ಎರಡು?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಚಿನ್ನ" ಎಂದರು. ಅವಳಿಗೆ ಗೊತ್ತಿಲ್ಲದೆ!

ಫೋನಿನ ಕವರಿನಲ್ಲಿ ನಾಲ್ಕಾಗಿ ಮಡಚಿದ ಒಂದು ಝೆರಾಕ್ಸ್ ಇತ್ತು. ಹಳೆ ಕ್ರಯಪತ್ರದ್ದು, ಪೂರ್ತಿ ಮಲಯಾಳದಲ್ಲಿ. ಮಡಿಕೆಯಲ್ಲಿ ಅಕ್ಷರ ಸವೆದಿತ್ತು. ಇವರು ಹತ್ತರವರೆಗೆ ಕನ್ನಡ ಮೀಡಿಯಂ. ಮಲಯಾಳ ಮಾತಾಡುತ್ತಾರೆ, ಓದಲು ಬಾರದು. ಬ್ರೋಕರನ ಎದುರು ಅದನ್ನು ಹೇಳಲು ನಾಚಿಕೆಯಾಗಿ, ತಲೆಯಾಡಿಸಿ ಎಗ್ರಿಮೆಂಟಿಗೆ ಸಹಿ ಹಾಕಿದ್ದರು. ನಿದ್ದೆ ಕೆಡಿಸಿದ್ದು ಎರಡು ಲಕ್ಷಕ್ಕಿಂತ ಈ ನಾಚಿಕೆಯೇ ಜಾಸ್ತಿ ಎಂದು ನನಗನಿಸಿತು.

ನಾನು ವಕೀಲಳಲ್ಲ, ಜಾಗ ಒಳ್ಳೆಯದೋ ಕೆಟ್ಟದ್ದೋ ಹೇಳಲಾರೆ ಎಂದೆ. ಹೇಳಿದ್ದು ಇಷ್ಟೇ: ಇವತ್ತೇ ಹೆಂಡತಿಯ ಎದುರು ಆ ಕಾಗದ ಬಿಚ್ಚಿ. ಅವರು ಮಲಯಾಳ ಓದುತ್ತಾರಲ್ವಾ? ನಾಳೆ ಅರ್ಧ ದಿನ ರಜೆ ಹಾಕಿ ವಿಲೇಜ್ ಆಫೀಸಿಗೆ ಹೋಗಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕುಡಿಕ್ಕಡ ಸರ್ಟಿಫಿಕೇಟಿಗೆ (ಜಾಗದ ಮೇಲೆ ಋಣಭಾರ ಇದೆಯೇ ಎಂದು ತೋರಿಸುವ ಪತ್ರ) ಅರ್ಜಿ ಹಾಕಿ, ನಿಮ್ಮದೇ ವಕೀಲರಿಗೆ ತೋರಿಸಿ. ಅಲ್ಲಿಯವರೆಗೆ ಇನ್ನೊಂದು ರೂಪಾಯಿ ಕೊಡಬೇಡಿ.

ಆ ರಾತ್ರಿ ಅಳುವೂ ಆಯಿತಂತೆ, ಬೈಗುಳವೂ ಆಯಿತಂತೆ. ಆಮೇಲೆ ಹೆಂಡತಿ ಕಾಗದ ಓದಿದರು. ಎರಡನೇ ಪುಟದಲ್ಲಿ "ನಿಲಂ" ಎಂದಿತ್ತು. ಅಂದರೆ ಗದ್ದೆ. ಮನೆ ಕಟ್ಟುವ ಜಾಗವಾದರೆ "ಪುರಯಿಡಂ" ಎಂದಿರಬೇಕು. ಮಣ್ಣು ತುಂಬಿಸಿದ ಮಾತ್ರಕ್ಕೆ ದಾಖಲೆಯಲ್ಲಿ ಗದ್ದೆ ಹಿತ್ತಿಲಾಗುವುದಿಲ್ಲ. 2008ರ ಗದ್ದೆ ಸಂರಕ್ಷಣೆ ಕಾನೂನಿನ ಡೇಟಾ ಬ್ಯಾಂಕಿನಲ್ಲೂ, ಅಂದರೆ ಗದ್ದೆಗಳ ಸರಕಾರಿ ಪಟ್ಟಿಯಲ್ಲೂ, ಆ ಸರ್ವೆ ನಂಬರ್ ಇತ್ತು.

ಮೂರನೇ ಸಲ ಇಬ್ಬರೂ ಬಂದರು. ವಕೀಲರ ಮೂಲಕ ಮಾತಾಡಿ 1,40,000 ವಾಪಸ್ ಸಿಕ್ಕಿದೆ, ಉಳಿದದ್ದಕ್ಕೆ ಜಾಗದವರು ಅವಧಿ ಕೇಳಿದ್ದಾರೆ. ಇವರಿಗೆ ಜಾಗದ ಆಸೆ ಮಾತ್ರ ಹೋಗಿಲ್ಲ. ಹೋಗಬೇಕೆಂದೂ ಇಲ್ಲ. ಎರಡು ವರ್ಷ ದುಡ್ಡು ಕೂಡಿಸಿ ಮತ್ತೆ ನೋಡ್ತೇವೆ ಎಂದರು. "ಬೇಸಗೆಯಲ್ಲಿ ಬೇಡ, ಮಳೆ ಬೀಳುವ ಆಟಿ ತಿಂಗಳಲ್ಲಿ ನೋಡೋಣ, ನೀರು ಎಲ್ಲಿ ನಿಲ್ತದೆ ಅಂತ ಗೊತ್ತಾಗ್ತದೆ" ಎಂದರು ಹೆಂಡತಿ. ಇವರು ಅದನ್ನು ಫೋನಿನಲ್ಲಿ ಬರೆದುಕೊಂಡರು.