ಗಾಳಕ್ಕೆ ಎರಡು ಮೀನು, ದೋಣಿಗೆ ಟನ್ನುಗಟ್ಟಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ನೆಲೆಸಿದ್ದೇನೆ. ಬಿಡುವಾದಾಗ ದಡದ ಬಂಡೆಗಳ ಮೇಲೆ ನಿಂತು ಸೀ ಬಾಸ್ ಮೀನಿಗೆ ಗಾಳ ಹಾಕುವುದು ನನ್ನ ಹವ್ಯಾಸ. 2018ರಲ್ಲಿ ಸೆಪ್ಟೆಂಬರ್ ಮುಗಿಯುವವರೆಗೆ ನಮ್ಮಂಥವರು ಹಿಡಿದ ಪ್ರತಿಯೊಂದು ಬಾಸ್ ಮೀನನ್ನೂ ನೀರಿಗೇ ಬಿಡಬೇಕಾಗಿತ್ತು. ಅದೇ ವರ್ಷ, ಗಾಳದಿಂದಲೇ ಹಿಡಿದು ಮಾರುವ ವೃತ್ತಿಪರ ದೋಣಿಯೊಂದಕ್ಕೆ 5 ಟನ್‌ವರೆಗೆ ಅವಕಾಶವಿತ್ತು. 2020ರಲ್ಲಿ ನಮಗೆ ದಿನಕ್ಕೆ ಎರಡು ಮೀನು ಎಂದಾಯಿತು, ಅವರ ಪಾಲು 5.7 ಟನ್‌ಗೆ ಏರಿತು. ಮೀನೂ ಒಂದೇ, ಗಾಳವೂ ಒಂದೇ ಆಗಿರುವಾಗ ಈ ಮಿತಿಗಳನ್ನು ನ್ಯಾಯವೆಂದು ಹೇಗೆ ಒಪ್ಪುವುದು?

ಉತ್ತರ: 2018ರ ಮಟ್ಟಿಗೆ ನಿಮ್ಮ ದೂರಿನಲ್ಲಿ ಹುರುಳಿದೆ, 2020ರ ಅಂಕಿಗಳ ಬಗ್ಗೆ ಅದನ್ನೇ ಹೇಳಲು ನಾನು ಸಿದ್ಧನಿಲ್ಲ. ಎರಡು ಮೀನು ಎನ್ನುವುದು ಒಬ್ಬ ವ್ಯಕ್ತಿಗೆ ಒಂದು ದಿನದ ಮಿತಿ, 5.7 ಟನ್ ಎನ್ನುವುದು ಒಂದು ದೋಣಿಗೆ ಒಂದು ವರ್ಷದ ಮಿತಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಮುಳ್ಳು ಎತ್ತ ವಾಲಿದರೂ ಅದಕ್ಕೆ ಅರ್ಥವಿರುವುದಿಲ್ಲ. 2020ರಲ್ಲಿ ಹವ್ಯಾಸಿಗಳಿಗೆ ಮೀನು ಇಟ್ಟುಕೊಳ್ಳಲು ಅನುಮತಿಯಿದ್ದದ್ದು ಮಾರ್ಚ್‌ನಿಂದ ನವೆಂಬರ್‌ವರೆಗಿನ 275 ದಿನಗಳು. ಒಂದು ದಿನವನ್ನೂ ಬಿಡದೆ ಎರಡೆರಡು ಹಿಡಿದವರಿಗೆ ಕಾಗದದ ಮೇಲೆ 550 ಮೀನು ದಕ್ಕುತ್ತವೆ. ಹಾಗೆ ಹಿಡಿದವರು ಯಾರೂ ಇರಲಾರರು, ಬರಿಗೈಯಲ್ಲಿ ಮನೆಗೆ ಮರಳುವ ದಿನಗಳೇ ಹೆಚ್ಚೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದಲೇ ದಿನದ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದರೂ ಉಳಿಯುವ ಮೀನು ಅಷ್ಟಕ್ಕಷ್ಟೇ. ನಿಜವಾಗಿ ಉಳಿಸುವುದು ಹಿಡಿಯಬಾರದ ತಿಂಗಳುಗಳು ಮತ್ತು ಕನಿಷ್ಠ ಅಳತೆ.

ಮಿತಿಗಳು ಏಕೆ ಬಂದವೆಂಬುದನ್ನೂ ಇಲ್ಲಿ ಹೇಳಬೇಕು. ಬಾಸ್ ನಿಧಾನವಾಗಿ ಬೆಳೆಯುವ ಮೀನು. ಹೆಣ್ಣು ಮೀನು ಮೊಟ್ಟೆಯಿಡುವಷ್ಟು ಬಲಿಯುವ ಹೊತ್ತಿಗೆ ಸುಮಾರು 42 ಸೆಂಟಿಮೀಟರ್ ಉದ್ದವಾಗಿರುತ್ತದೆ, ಅಷ್ಟಾಗಲು ಹಲವು ವರ್ಷಗಳು ಬೇಕು. 2008ರ ನಂತರ ಸಾಲು ಸಾಲಾಗಿ ಮರಿಗಳ ಸಂಖ್ಯೆ ಕುಸಿಯಿತು, ಬಲೆಗಳ ಒತ್ತಡ ಮಾತ್ರ ತಗ್ಗಲಿಲ್ಲ. 2015ರ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ, ಮೊಟ್ಟೆಯಿಡಲು ಗುಂಪುಗೂಡುವ ಬಾಸ್‌ಗಳನ್ನು ನಡುನೀರಿನ ಟ್ರಾಲ್ ಬಲೆಯಿಂದ ಬಾಚುವುದನ್ನು ಐರೋಪ್ಯ ಒಕ್ಕೂಟ ತುರ್ತಾಗಿ ನಿಲ್ಲಿಸಿತು. ಹವ್ಯಾಸಿಗಳಿಗೆ ಮೊದಲು ದಿನಕ್ಕೆ ಮೂರು ಮೀನಿನ ಮಿತಿ ಬಂತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕನಿಷ್ಠ ಅಳತೆ 36ರಿಂದ 42 ಸೆಂಟಿಮೀಟರ್‌ಗೆ ಏರಿತು. ಮೊಟ್ಟೆಯನ್ನೇ ಇಡದ ಮೀನನ್ನು ಅಷ್ಟು ವರ್ಷ ಕಾನೂನುಬದ್ಧವಾಗಿ ಹಿಡಿಯಲು ಬಿಟ್ಟದ್ದು ಏಕೆಂದು ಕೇಳಬೇಕಾಗಿತ್ತು, ಆದರೆ ಆ ಪ್ರಶ್ನೆಯನ್ನು ಗಾಳದವರಾಗಲಿ ಬಲೆಯವರಾಗಲಿ ಸಾಕಷ್ಟು ಗಟ್ಟಿಯಾಗಿ ಕೇಳಲಿಲ್ಲ.

ಈಗ 2018ಕ್ಕೆ ಬರೋಣ. ಸಮುದ್ರಗಳ ಅಧ್ಯಯನಕ್ಕಾಗಿ 1902ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮಂಡಳಿಯಾದ ಐಸಿಇಎಸ್, ಆ ವರ್ಷಕ್ಕೆ ವೃತ್ತಿಪರರದೂ ಹವ್ಯಾಸಿಗಳದೂ ಸೇರಿ ಒಟ್ಟು ಹಿಡಿತ ಸೊನ್ನೆಯಾಗಿರಬೇಕೆಂದು ಮೊದಲಿಗೆ ಸಲಹೆ ಮಾಡಿತ್ತು. ಸಲಹೆ ಇಬ್ಬರಿಗೂ ಸೊನ್ನೆ. ನಿಯಮವಾಗಿ ಹೊರಬಿದ್ದಾಗ ಸೊನ್ನೆ ಒಬ್ಬರಿಗೆ ಮಾತ್ರ ಉಳಿಯಿತು. ಗಾಳದ ದೋಣಿಗೆ 5 ಟನ್, ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಗಿಲ್‌ನೆಟ್ ದೋಣಿಗೆ 1.2 ಟನ್. ಎರಡನೆಯದನ್ನು ಬೇರೆ ಮೀನಿನ ಜೊತೆ ತಪ್ಪಿಸಲಾಗದೆ ಸಿಗುವ ಬಾಸ್ ಎಂದು ಕರೆಯಲಾಯಿತು. ಹೊಟ್ಟೆಪಾಡಿನ ದುಡಿಮೆಗೂ ಹವ್ಯಾಸಕ್ಕೂ ವ್ಯತ್ಯಾಸವಿದೆ ಎಂಬ ವಾದವನ್ನು ನಾನು ಒಪ್ಪುತ್ತೇನೆ, ಕೊರತೆಯ ಕಾಲದಲ್ಲಿ ದುಡಿದು ತಿನ್ನುವವನಿಗೆ ಸ್ವಲ್ಪ ಹೆಚ್ಚು ಸಿಗಬೇಕೆಂಬುದನ್ನೂ ಒಪ್ಪುತ್ತೇನೆ. ಒಬ್ಬರಿಗೆ ಒಂದೂ ಇಲ್ಲ, ಇನ್ನೊಬ್ಬರಿಗೆ ಟನ್ನುಗಟ್ಟಲೆ ಎನ್ನುವುದು ಮಾತ್ರ ಆ ವಾದದಿಂದ ಹುಟ್ಟುವ ಹಂಚಿಕೆಯಲ್ಲ. ಲೆಕ್ಕಾಚಾರವನ್ನು ಮರುಪರಿಶೀಲಿಸಿದ ಮೇಲೆ ಅಕ್ಟೋಬರ್‌ನಿಂದ ದಿನಕ್ಕೊಂದು ಮೀನಿಗೆ ಅನುಮತಿ ದೊರೆಯಿತು.

ಇನ್ನೊಂದು ಸಂಗತಿ ನಿಮ್ಮ ಪತ್ರದಲ್ಲಿಲ್ಲ, ನನ್ನ ದೃಷ್ಟಿಯಲ್ಲಿ ನ್ಯಾಯದ ಪ್ರಶ್ನೆ ಹೆಚ್ಚು ತೀಕ್ಷ್ಣವಾಗುವುದು ಅಲ್ಲಿಯೇ. ಕಾಡ್ ಮೊದಲಾದ ಮೀನುಗಳಿಗೆ ವರ್ಷಕ್ಕಿಷ್ಟೆಂದು ಒಟ್ಟು ಕೋಟಾ ಗೊತ್ತುಮಾಡಿ ದೇಶಗಳ ನಡುವೆ ಹಂಚುತ್ತಿದ್ದರೂ ಬಾಸ್‌ಗೆ ಅಂಥ ಒಟ್ಟು ಕೋಟಾ ಇರಲಿಲ್ಲ. ಇದ್ದದ್ದು ದೋಣಿಗಿಷ್ಟು, ತಲೆಗಿಷ್ಟು ಎಂಬ ಮಿತಿ ಮಾತ್ರ. ಹಾಗಾದಾಗ ಒಟ್ಟು ಹಿಡಿತವನ್ನು ನಿರ್ಧರಿಸುವುದು ದೋಣಿಗಳ ಮತ್ತು ತಲೆಗಳ ಸಂಖ್ಯೆ. 2015ರ ಜುಲೈ 1ರಿಂದ 2016ರ ಸೆಪ್ಟೆಂಬರ್ 30ರವರೆಗಿನ ಅವಧಿಯಲ್ಲಿ ಬಾಸ್ ಹಿಡಿದ ದಾಖಲೆಯಿದ್ದ ದೋಣಿಗಳಿಗೆ ಮಾತ್ರ ಅನುಮತಿ ಎಂದು ವೃತ್ತಿಪರರ ಕಡೆಯ ಬಾಗಿಲು ಮುಚ್ಚಲಾಯಿತು, ಹವ್ಯಾಸಿಗಳ ಕಡೆಯ ಬಾಗಿಲು ತೆರೆದೇ ಇತ್ತು, ಇಂಗ್ಲೆಂಡಿನ ಸಮುದ್ರದಲ್ಲಿ ಗಾಳ ಹಾಕಲು ಪರವಾನಗಿಯೇ ಬೇಕಿಲ್ಲ. ಮುಚ್ಚಿದ ಬಾಗಿಲಿನಿಂದ ಅನ್ಯಾಯವಾದದ್ದು ನಿಮಗಲ್ಲ, ಆ ಅವಧಿಯಲ್ಲಿ ಮೀನು ಉಳಿಯಲೆಂದು ಕೈ ಹಿಂದಕ್ಕೆ ಎಳೆದುಕೊಂಡ ಅಥವಾ ಆ ಮೇಲೆ ವೃತ್ತಿಗೆ ಬಂದ ಸಣ್ಣ ದೋಣಿಯವರಿಗೆ: ಕೊರತೆಯಿದ್ದಾಗಲೂ ಹಿಡಿದವರಿಗೆ ಹಕ್ಕು ದಕ್ಕಿತು, ತಾಳಿದವರಿಗೆ ಕೈತಪ್ಪಿತು.

ಹವ್ಯಾಸಿಗಳು ಹಿಡಿಯುವುದು ಲೆಕ್ಕಕ್ಕೇ ಇಲ್ಲ ಎಂಬ ಮಾತನ್ನಂತೂ ಕೈಬಿಡಬೇಕು. ಮಿತಿಗಳು ಬರುವ ಮುನ್ನ ಬಾಸ್‌ನ ಒಟ್ಟು ಹಿಡಿತದಲ್ಲಿ ಸುಮಾರು ಕಾಲು ಭಾಗ ಗಾಳದವರದ್ದೆಂದು ಐಸಿಇಎಸ್ ಅಂದಾಜು ಮಾಡಿತ್ತು. ಅಷ್ಟು ಹಿಡಿಯುವವರಿಗೆ ಅಷ್ಟರ ಮಟ್ಟಿಗೆ ಹೊಣೆಯೂ ಇದೆ, ಕಡಿತ ಬಂದಾಗ ಅಷ್ಟೇ ಪ್ರಮಾಣದ ಪಾಲು ಕೇಳುವ ಹಕ್ಕೂ ಇದೆ.

ಪ್ರಶ್ನೆ: ನನ್ನ ಗೆಳೆಯರು ದೋಣಿಯಲ್ಲಿ ಹೋಗಿ ಮುಳುಗಿದ ಹಡಗುಗಳ ಮೇಲೆ ಗಾಳ ಬಿಟ್ಟು ದೊಡ್ಡ ಬಾಸ್‌ಗಳನ್ನು ತರುತ್ತಾರೆ, ದಡದಲ್ಲಿ ನಿಂತ ನಮಗೆ ಸಿಗುವುದು ಬಹುಪಾಲು ಅಳತೆಗೆ ಬಾರದ ಮರಿಗಳು. ಇಬ್ಬರಿಗೂ ಒಂದೇ ಮಿತಿ ಸರಿಯೇ?

ಉತ್ತರ: ಮಿತಿ ಒಂದೇ ಆದರೂ ಅವಕಾಶ ಒಂದೇ ಅಲ್ಲ ಎಂಬ ನಿಮ್ಮ ಮಾತು ನಿಜ. ತಲೆಗೆ ಎರಡು ಎಂಬ 2020ರ ಮಿತಿಯಲ್ಲಿ ಆರು ಮಂದಿ ಹೋದ ದೋಣಿ ಹನ್ನೆರಡು ಮೀನು ತರಬಹುದಿತ್ತು, ದಡದ ಆರು ಮಂದಿಗೂ ಅದೇ ಹಕ್ಕಿತ್ತಾದರೂ ಮೀನು ಅವರತ್ತ ಬರಬೇಕಲ್ಲ. ಹಾಗೆಂದು ಮಿತಿಯನ್ನು ಬೇರೆ ಬೇರೆ ಮಾಡಿದರೆ, ಮೀನನ್ನು ಎಲ್ಲಿ ಹಿಡಿದರೆಂದು ಬಂದರಿನಲ್ಲಿ ತಪಾಸಣೆ ಮಾಡುವವರು ಸಾಬೀತುಪಡಿಸುವುದು ಹೇಗೆ? ಒಂದು ವಿಷಯದಲ್ಲಿ ಕಾನೂನು ದಡದವರ ಪರವಾಗಿಯೇ ಇದೆ: 1990ರ ಆದೇಶದಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಳಿವೆಗಳಲ್ಲೂ ವಿದ್ಯುತ್ ಸ್ಥಾವರಗಳ ಬಿಸಿನೀರು ಬೀಳುವ ಕಡೆಗಳಲ್ಲೂ ಮರಿ ಬಾಸ್‌ಗಳು ಬೆಳೆಯುವ ತಾಣಗಳನ್ನು ಗುರುತಿಸಿ, ಅಲ್ಲಿ ದೋಣಿಯಿಂದ ಬಾಸ್ ಹಿಡಿಯುವುದನ್ನು ನಿಷೇಧಿಸಲಾಯಿತು, ಹಲವೆಡೆ ವರ್ಷದ ಕೆಲವು ತಿಂಗಳು ಮಾತ್ರ. ದಡದಿಂದ ಹಾಕುವ ಗಾಳಕ್ಕೆ ಆ ಆದೇಶ ತಾಗುವುದಿಲ್ಲ. ಮರಿಗಳ ನಡುವೆ ನಿಲ್ಲುವ ಸ್ವಾತಂತ್ರ್ಯ ನಿಮಗೇ ಇರುವುದರಿಂದ ಅವುಗಳನ್ನು ಮರಳಿ ಬಿಡುವ ಕೆಲಸವೂ ನಿಮ್ಮ ಪಾಲಿಗೇ ಹೆಚ್ಚು ಬೀಳುತ್ತದೆ. ಗಾಳದಿಂದ ಬಿಡಿಸಿದ ಬಾಸ್‌ಗಳಲ್ಲಿ ಸಾಯುವವು ನೂರಕ್ಕೆ ಸುಮಾರು 5 ಎಂದು ಅಂದಾಜಿದೆ. ಮುಳ್ಳನ್ನು ಆಳವಾಗಿ ನುಂಗಿದವುಗಳಲ್ಲಿ ಸಾವು ಹೆಚ್ಚು, ಆದ್ದರಿಂದ ಎಳೆತ ಸಿಕ್ಕ ಕೂಡಲೇ ಕೋಲೆತ್ತಿ, ಒದ್ದೆ ಕೈಯಿಂದ ಹಿಡಿದು, ನೀರಿನ ಹತ್ತಿರವೇ ಬಿಡಿಸಿ.

ಪ್ರಶ್ನೆ: ಮನೆಗೆ ಬೇಡವಾದ ಮೀನನ್ನು ಹತ್ತಿರದ ಹೋಟೆಲಿಗೆ ಮಾರಬಹುದೇ?

ಉತ್ತರ: ಮಾರುವಂತಿಲ್ಲ. ಹವ್ಯಾಸಕ್ಕಾಗಿ ಹಿಡಿದ ಮೀನಿನ ಮಾರಾಟವನ್ನು ಐರೋಪ್ಯ ಒಕ್ಕೂಟದ 2009ರ ಮೀನುಗಾರಿಕೆ ನಿಯಂತ್ರಣ ನಿಯಮ ನಿಷೇಧಿಸಿತು. ಹಾಗೆ ಮಾರಿದ ಮೀನು ದೋಣಿಯವರ ಟನ್ ಲೆಕ್ಕಕ್ಕೆ ಸೇರುವುದಿಲ್ಲ, ನಿಮ್ಮ ದಿನದ ಮಿತಿಯನ್ನು ಗೊತ್ತುಮಾಡಿದ ಉದ್ದೇಶಕ್ಕೂ ಹೊಂದುವುದಿಲ್ಲ. ಬೇಡವಾದ ಮೀನಾದರೆ ಹಿಡಿದ ಜಾಗದಲ್ಲೇ ಬಿಟ್ಟುಬಿಡಿ.