ಮಲಗಿದ ಮರಿಯಳು, ಮಂಡಿಯೂರಿದ ಮರಿಯಳು

ಇಟಲಿಯ ಚಿತ್ರಕಾರ ಜೊತ್ತೊನ ಯೇಸು ಜನನದ ಚಿತ್ರದಲ್ಲಿ ತಾಯಿ ಮರಿಯಳು ಮಲಗಿದ್ದಾಳೆ, ನೂರು ವರ್ಷಗಳ ನಂತರದ ಚಿತ್ರಗಳಲ್ಲಿ ಮಗುವನ್ನು ಬರಿನೆಲದ ಮೇಲೆ ಬಿಟ್ಟು ಮಂಡಿಯೂರಿದ್ದಾಳೆ, ಏಕೆ ಎಂದು ಕೇಳಿದ್ದೀರಿ. ಇದು ಕಲಾವಿದರ ಮನಸ್ಸಿಗೆ ಬಂದಂತೆ ಆದ ಬದಲಾವಣೆಯಲ್ಲ. ಇದರ ಹಿಂದೆ ಒಬ್ಬ ಮಹಿಳೆಯಿದ್ದಾರೆ.

ಪಾದುವಾ ನಗರದ ಸ್ಕ್ರೊವೆನ್ಯಿ ಪ್ರಾರ್ಥನಾಲಯದಲ್ಲಿ ಸುಮಾರು 1305ರಲ್ಲಿ ಜೊತ್ತೊ ಬರೆದದ್ದು ಹಳೆಯ ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯದ) ಪದ್ಧತಿಯ ಮುಂದುವರಿಕೆ. ಅಲ್ಲಿ ಮರಿಯಳು ಬಾಣಂತಿ. ಪಕ್ಕದಲ್ಲಿ ನೆರವಿಗೊಬ್ಬ ಹೆಂಗಸು, ಕೆಳಗೆ ತೂಕಡಿಸುವ ಗಂಡ ಯೋಸೇಫ. 1372ರಲ್ಲಿ ಸ್ವೀಡನ್ನಿನ ಸಂತ ಬ್ರಿಜಿಟ್ ಬೇತ್ಲೆಹೇಮಿನಲ್ಲಿ ತಮಗಾದ ದರ್ಶನವನ್ನು ಹೇಳಿಕೊಂಡರು: ಮರಿಯಳು ಪಾದರಕ್ಷೆ ಕಳಚಿ, ಮೇಲುವಸ್ತ್ರ ತೆಗೆದಿಟ್ಟು, ಮಂಡಿಯೂರಿ ಪ್ರಾರ್ಥಿಸುತ್ತಿದ್ದಾಗ ರೆಪ್ಪೆ ಬಡಿಯುವಷ್ಟರಲ್ಲಿ ಮಗು ಹುಟ್ಟಿತು, ನೆಲದ ಮೇಲಿದ್ದ ಬೆತ್ತಲೆ ಕೂಸಿನ ಪ್ರಭೆಯ ಮುಂದೆ ಯೋಸೇಫನ ಮೇಣದಬತ್ತಿ ಮಂಕಾಯಿತು. ನೋವೇ ಇಲ್ಲದ ಮೇಲೆ ಹಾಸಿಗೆ ಏಕೆ, ಸೂಲಗಿತ್ತಿ ಏಕೆ?

ಆದರೆ ಹಳೆಯದು ಒಮ್ಮೆಲೇ ಜಾಗ ಖಾಲಿ ಮಾಡಲಿಲ್ಲ. ಚಿತ್ರಕಾರ ಜೆಂತಿಲೆ ದ ಫಾಬ್ರಿಯಾನೊ 1423ರಲ್ಲಿ ಮುಗಿಸಿದ, ಈಗ ಫ್ಲಾರೆನ್ಸಿನ ಉಫಿಜಿ ಕಲಾಸಂಗ್ರಹಾಲಯದಲ್ಲಿರುವ ಚಿತ್ರ, ಮೂಡಣದ ಜೋಯಿಸರು ಕೂಸು ಯೇಸುವನ್ನು ಆರಾಧಿಸುವುದು; ಅದರ ಕೆಳಪಟ್ಟಿಯಲ್ಲಿರುವ ಯೇಸು ಜನನದ ದೃಶ್ಯವನ್ನು ಹಿಗ್ಗಿಸಿ ನೋಡಿ. ರಾತ್ರಿಯ ಕತ್ತಲಲ್ಲಿ ಮಗುವಿನ ಮೈಯಿಂದಲೇ ಬೆಳಕು ಹೊಮ್ಮುತ್ತಿದೆ, ಮರಿಯಳು ಮಂಡಿಯೂರಿದ್ದಾಳೆ. ಆದರೂ ಇಬ್ಬರು ಸೂಲಗಿತ್ತಿಯರು ಕೆಲಸವಿಲ್ಲದೆ ಅಲ್ಲೇ ಕುಳಿತಿದ್ದಾರೆ! ನನಗೆ ಇಡೀ ಚಿತ್ರದಲ್ಲಿ ಅತ್ಯಂತ ಪ್ರಿಯರಾದವರು ಅವರೇ.