ಪೈ 5ರಲ್ಲಿ ಕೆವಿಎಂ ಪ್ರೋಗ್ರಾಂ: ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಮತ್ತು ಡಿಸ್ಕ್ ಓದುವಾಗ ಹ್ಯಾಂಗ್

ಶೆಟ್ರೇ, ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಓಡುವ ನಿಮ್ಮ ಕೆವಿಎಂ (ಲಿನಕ್ಸ್ ಕರ್ನಲ್ ಒಳಗೇ ವರ್ಚುವಲ್ ಯಂತ್ರ ಓಡಿಸುವ ಸೌಲಭ್ಯ) ಪ್ರೋಗ್ರಾಂ ಮಣಿಪಾಲದ ರಾಸ್ಪ್‌ಬೆರಿ ಪೈ 5ರಲ್ಲಿ 4 ಕೆಬಿ ರಾಮ್ ಸ್ಲಾಟ್ (ಒಳಗೆ ಓಡುವ ವರ್ಚುವಲ್ ಯಂತ್ರಕ್ಕೆ, ಅಂದರೆ ಗೆಸ್ಟಿಗೆ, ಕೊಡುವ ಮೆಮೊರಿ ತುಂಡು) ಸೇರಿಸುವಾಗ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಕೊಡ್ತದೆ, ಆ ಸ್ಲಾಟ್ ತೆಗೆದರೆ ಗೆಸ್ಟ್ ಏಳ್ತದೆ ಆದರೆ ಡಿಸ್ಕ್ ಓದುವಾಗ ನಿಲ್ತದೆ ಅಂದಿರಿ. ಇವು ಎರಡು ಬೇರೆ ಬೇರೆ ಬಗ್‌ಗಳು, ಒಟ್ಟಿಗೆ ಹುಡುಕಬೇಡಿ.

ಮೊದಲನೆಯದು ಪೇಜ್ ಸೈಜ್, ಅಂದರೆ ಕರ್ನಲ್ ಮೆಮೊರಿಯನ್ನು ಹಂಚುವ ತುಂಡಿನ ಅಳತೆ. ಟರ್ಮಿನಲ್‌ನಲ್ಲಿ ‘ಗೆಟ್‌ಕಾನ್ಫ್ ಪೇಜ್‌ಸೈಜ್’ ಕೊಟ್ಟು ನೋಡಿ (ಎರಡನೇ ಪದ ದೊಡ್ಡಕ್ಷರದಲ್ಲಿ). ಲ್ಯಾಪ್‌ಟಾಪಿನಲ್ಲಿ 4096, ಪೈ 5ರ ಡೀಫಾಲ್ಟ್ ಕರ್ನಲ್‌ನಲ್ಲಿ 16384 ಬರ್ತದೆ. ಸ್ಲಾಟಿನ ಗೆಸ್ಟ್ ವಿಳಾಸ, ಅಳತೆ, ಯೂಸರ್‌ಸ್ಪೇಸ್ ವಿಳಾಸ (ನಿಮ್ಮ ಪ್ರೋಗ್ರಾಂ ಒಳಗಿನದು) ಮೂರೂ ಹೋಸ್ಟ್ (ಗೆಸ್ಟನ್ನು ಓಡಿಸುವ ಯಂತ್ರ) ಪೇಜಿನ ಗುಣಕವಾಗಿರದಿದ್ದರೆ ಕೆವಿಎಂ ಒಪ್ಪುವುದಿಲ್ಲ. ಕೋಡಿನಲ್ಲಿ 4096, 12 ಬಿಟ್ ಶಿಫ್ಟ್ ಇರುವಲ್ಲೆಲ್ಲ ಸಿಸ್‌ಕಾನ್ಫ್ ಫಂಕ್ಷನ್ ಕೊಡುವ ಪೇಜ್ ಅಳತೆ ಹಾಕಿ. ಆದರೆ ಅಳತೆಯನ್ನು ಮಾತ್ರ ಮೇಲಕ್ಕೆ ರೌಂಡ್ ಮಾಡಿದರೆ ಪಕ್ಕದ ಸ್ಲಾಟಿನ ಮೇಲೆ ಹತ್ತಿ ‘ಫೈಲ್ ಎಕ್ಸಿಸ್ಟ್ಸ್’ ಎರರ್ ಬರಬಹುದು. ಹಾಗಾಗಿ ಗೆಸ್ಟ್ ಮೆಮೊರಿ ನಕ್ಷೆಯನ್ನೇ 64 ಕೆಬಿ ಗಡಿಗಳಲ್ಲಿ ಕೂರಿಸಿ. 4, 16, 64 ಕೆಬಿ ಮೂರೂ ಬಗೆಯ ಕರ್ನಲ್‌ಗಳಿಗೆ ಅದು ಸಾಕು. ಕಾನ್ಫಿಗ್ ಫೈಲಿನಲ್ಲಿ ‘ಕರ್ನಲ್8’ ಇಮೇಜ್ ಹಾಕಿ 4 ಕೆಬಿಗೆ ಇಳಿಸಬಹುದು, ಆದರೆ ಅದು ಕಾರಣ ಖಚಿತಪಡಿಸಿಕೊಳ್ಳಲಿಕ್ಕೆ ಮಾತ್ರ. ದಯವಿಟ್ಟು ಅದನ್ನೇ ಪರಿಹಾರ ಅಂತ ಬಿಡಬೇಡಿ.

ಎರಡನೆಯದು, ಹ್ಯಾಂಗ್ ಆಗುವುದು, ಹೆಚ್ಚಾಗಿ ವರ್ಟಿಯೋ ರಿಂಗಿನಲ್ಲಿ, ಅಂದರೆ ಗೆಸ್ಟ್ ಮತ್ತು ನಿಮ್ಮ ಪ್ರೋಗ್ರಾಂ ಡಿಸ್ಕ್ ಕೆಲಸ ಹಂಚಿಕೊಳ್ಳುವ ಮೆಮೊರಿ ಪಟ್ಟಿಯಲ್ಲಿ. ಗೆಸ್ಟ್ ಕೇಳಿದ್ದು ‘ಅವೈಲ್’ ಭಾಗದಲ್ಲಿ, ನೀವು ಮುಗಿಸಿದ್ದು ‘ಯೂಸ್ಡ್’ ಭಾಗದಲ್ಲಿ, ಎಲ್ಲಿವರೆಗೆ ಬಂತು ಅಂತ ಇಂಡೆಕ್ಸ್ ಹೇಳ್ತದೆ. ಇಂಟೆಲ್‌ನಲ್ಲಿ ಒಂದು ಕೋರ್ ಬರೆದ ಕ್ರಮದಲ್ಲೇ ಇನ್ನೊಂದಕ್ಕೆ ಕಾಣ್ತದೆ, ಆರ್ಮ್‌ನಲ್ಲಿ ಆ ಭರವಸೆ ಇಲ್ಲ. ಯೂಸ್ಡ್ ಇಂಡೆಕ್ಸ್ ಮೊದಲು ಕಂಡು ಎಂಟ್ರಿ ಆಮೇಲೆ ಕಂಡರೆ ಗೆಸ್ಟ್ ಹಳೇ ಕಸ ಓದ್ತದೆ. ಅವೈಲ್ ಇಂಡೆಕ್ಸನ್ನು ‘ಅಕ್ವೈರ್’ ಆಗಿ (ಮುಂದಿನ ಓದು-ಬರಹ ಇದಕ್ಕಿಂತ ಮುಂಚೆ ಆಗದ ಹಾಗೆ) ಓದಿ ಆಮೇಲೆ ಡಿಸ್ಕ್ರಿಪ್ಟರ್ (ಬಫರಿನ ವಿಳಾಸ, ಅಳತೆ ಇರುವ ದಾಖಲೆ) ಮುಟ್ಟಿ. ಯೂಸ್ಡ್ ಎಂಟ್ರಿ ಬರೆದ ಮೇಲೆ ಇಂಡೆಕ್ಸನ್ನು ‘ರಿಲೀಸ್’ ಆಗಿ (ಹಿಂದಿನ ಓದು-ಬರಹ ಮೊದಲೇ ಮುಗಿಯುವ ಹಾಗೆ) ಬರೆಯಿರಿ. ‘ವೊಲಟೈಲ್’ ಕಂಪೈಲರನ್ನು ಮಾತ್ರ ತಡೀತದೆ, ಪ್ರೊಸೆಸರನ್ನಲ್ಲ. ಹೆಚ್ಚಿನವರು ಬಿಡುವ ಜಾಗ ಮುಂದಿನದು: ಯೂಸ್ಡ್ ಇಂಡೆಕ್ಸ್ ಬರೆದು, ಇಂಟರಪ್ಟ್ ಬೇಕೋ ಬೇಡವೋ ಅಂತ ಅವೈಲ್ ಫ್ಲಾಗ್ ಓದುವ ಮುಂಚೆ ಪೂರ್ತಿ ಫೆನ್ಸ್ (ಓದು-ಬರಹ ಯಾವುದೂ ಆಚೀಚೆ ದಾಟದಂತೆ ತಡೆಯುವ ಸೂಚನೆ) ಬೇಕು. ಬರೆದ ಮೇಲಿನ ಓದು ಇಂಟೆಲ್‌ನಲ್ಲೂ ಹಿಂದುಮುಂದಾಗ್ತದೆ. ಅದಿಲ್ಲದಿದ್ದರೆ ಇಂಟರಪ್ಟ್ ತಪ್ಪಿ, ಗೆಸ್ಟ್ ಕಾಯ್ತಾ ಕೂರ್ತದೆ.

ವಿಸಿಪಿಯು (ಗೆಸ್ಟಿನ ಪ್ರೊಸೆಸರ್) ಮತ್ತು ಡಿಸ್ಕ್ ಥ್ರೆಡ್ ಎರಡನ್ನೂ ಟಾಸ್ಕ್‌ಸೆಟ್‌ನಿಂದ ಒಂದೇ ಕೋರ್‌ಗೆ ಕಟ್ಟಿ ಓಡಿಸಿ. ಹ್ಯಾಂಗ್ ಹೋದರೆ ಸಂಶಯ ಈ ಓದು-ಬರಹದ ಕ್ರಮದ ಮೇಲೇ ಬರ್ತದೆ. ಲ್ಯಾಪ್‌ಟಾಪಿನ ಕ್ಯೂಎಮು ಎಮ್ಯುಲೇಟರಿನಲ್ಲಿ ಆರ್ಮ್ ಓಡಿಸಿ ಈ ಬಗ್ ಹುಡುಕಬೇಡಿ ಮಾರಾಯ್ರೇ, ಕೆಳಗಿರುವುದು ಇಂಟೆಲ್ ಕೋರೇ.

ಇನ್ನೊಂದು: ಆರ್ಮ್ ಲಿನಕ್ಸ್‌ನಲ್ಲಿ ಬರೀ ‘ಚಾರ್’ ಅನ್‌ಸೈನ್ಡ್, ಋಣ ಸಂಖ್ಯೆ ಹಿಡಿಯುವುದಿಲ್ಲ. ಗೆಟ್‌ಆಪ್ಟ್ (ಕಮಾಂಡ್ ಆಯ್ಕೆಗಳನ್ನು ಓದುವ ಫಂಕ್ಷನ್) ಕೊಟ್ಟದ್ದನ್ನು ಚಾರ್‌ನಲ್ಲಿ ಇಟ್ಟರೆ ‑1 ಎಂದೂ ಸಿಗದೆ ಲೂಪ್ ಮುಗಿಯುವುದಿಲ್ಲ. ‘ಇಂಟ್’ ಮಾಡಿ. ಜಿಸಿಸಿ ಕಂಪೈಲರಿಗೆ ‘ಅನ್‌ಸೈನ್ಡ್ ಚಾರ್’ ಫ್ಲ್ಯಾಗ್ ಕೊಟ್ಟರೆ ಇಂಥವು ಲ್ಯಾಪ್‌ಟಾಪಿನಲ್ಲೇ ಸಿಗ್ತವೆ.

ಪೇಜ್ ಸೈಜ್ ತಿದ್ದಿದ ಮೇಲೂ ಎರರ್ ಬಂದರೆ ಆ ಸ್ಲಾಟಿನ ಮೂರೂ ಸಂಖ್ಯೆ ಪ್ರಿಂಟ್ ಮಾಡಿ ಇಲ್ಲಿ ಹಾಕಿ.